ಲಿಮಾದಲ್ಲಿ ಉಂಡದ್ದು, ಬೇಗೂರಲ್ಲಿ ಅರಗಿದ್ದು

"ಅಲ್ಲಿ ಅನ್ನ ಸಿಗುತ್ತಾ?"

ಆಫೀಸಿನಿಂದ ಮೂರು ವಾರ ಪೆರು ದೇಶಕ್ಕೆ ಕಳಿಸ್ತಾರೆ ಅಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು. ಎರಡನೆಯದು, "ಆಷಾಢದಲ್ಲೇ ಹೋಗ್ಬೇಕಾ?" ಪೆರು ಎಲ್ಲಿದೆ, ಎಷ್ಟು ದೂರ, ಯಾವ ಭಾಷೆ ಅನ್ನೋದೆಲ್ಲ ಅಮ್ಮನಿಗೆ ಬೇಡದ ವಿಷಯ. ಅನ್ನ ಸಿಗುತ್ತೆ ಅಂತ ಗೂಗಲ್ ನೋಡಿ ಹೇಳಿದೆ. ಆದರೂ ಸೂಟ್‌ಕೇಸಿನ ಅರ್ಧ ಭಾಗವನ್ನು ಹುರಿಹಿಟ್ಟು, ಚಟ್ನಿಪುಡಿ, ಬಿಸಿನೀರಲ್ಲಿ ಮುಳುಗಿಸಿ ತಿನ್ನುವ ಪೊಟ್ಟಣಗಳೇ ತುಂಬಿಕೊಂಡವು. ಅದು 2024ರ ಜುಲೈ.

ನಾವು ಬೇಗೂರಿನವರೇ. ಹೊರಗಿನಿಂದ ಬಂದು ಫ್ಲಾಟ್ ತಗೊಂಡವರಲ್ಲ, ನಾಗೇಶ್ವರ ದೇವಸ್ಥಾನದ ಬೀದಿಯಲ್ಲಿ ಆಡಿ ಬೆಳೆದವರು. ಸುಮಾರು ಕ್ರಿ.ಶ. 890ರ ಬೇಗೂರು ಶಾಸನದಲ್ಲಿ ಬೆಂಗಳೂರು ಅನ್ನೋ ಹೆಸರು ಇದೆ ಅಂತ ಮೇಷ್ಟ್ರು ಹೇಳಿದಾಗಿನಿಂದ ನನಗೆ ಒಂದು ಜಂಬ. ಈಗ ನಮ್ಮೂರಲ್ಲಿ ಪಿಜಿಗಳಿಗಿಂತ ಹೆಚ್ಚಿರೋದು ಬಿರಿಯಾನಿ ಅಂಗಡಿ ಮಾತ್ರ. ಒಂದು ಸಂಜೆ ಬೇಗೂರು ಮುಖ್ಯರಸ್ತೆಯಲ್ಲಿ ನಡೆದರೆ ಆಂಧ್ರ ಮೆಸ್, ಕೇರಳದ ಪರೋಟ, ಒಡಿಶಾದವರ ಊಟ, ಬಂಗಾಳಿಗಳ ಮೀನು, ನೇಪಾಳಿ ಹುಡುಗರ ಮೊಮೊ ಎಲ್ಲ ಸಿಗುತ್ತೆ. ಆ ಸಾಲಿನಲ್ಲೇ ಒಂದು ಶಟರ್ ಮಳಿಗೆ, ನಾಲ್ಕು ಬೆಂಚು, "ಮುದ್ದೆ ಊಟ ಸಿಗುತ್ತದೆ" ಅಂತ ಬಣ್ಣದಲ್ಲಿ ಬರೆದ ತಗಡು. ಅದು ಅಮ್ಮನ ಹೋಟೆಲು. ಅಪ್ಪ ತೀರಿಕೊಂಡ ಮೇಲೆ ಶುರು ಮಾಡಿದ್ದು. ನನ್ನ ಇಂಜಿನಿಯರಿಂಗ್ ಫೀಸು ಬಂದದ್ದು ಅದರ ಗಲ್ಲಾಪೆಟ್ಟಿಗೆಯಿಂದ.

ಎರಡು ವರ್ಷದಿಂದ ನಾನು ಅಮ್ಮನಿಗೆ ಅದನ್ನು ಮುಚ್ಚು ಅಂತಿದ್ದೆ. ಮಣಿಕಟ್ಟು ನೋಯುತ್ತೆ, ರಾತ್ರಿ ಬಿಸಿನೀರಲ್ಲಿ ಕೈ ಇಟ್ಟುಕೊಂಡು ಕೂರ್ತಾಳೆ, ನಾನು ದುಡೀತಿದ್ದೀನಲ್ಲ, ಇನ್ಯಾಕೆ? ಯಾರು ಕೇಳಿದರೂ ಒಪ್ಪುವ ಕಾರಣ. ಆ ಕಾರಣ ಪೂರ್ತಿ ನಿಜವಾಗಿರಲಿಲ್ಲ ಅಂತ ಗೊತ್ತಾಗೋಕೆ ನಾನು ಆಮ್ಸ್ಟರ್‌ಡ್ಯಾಮ್‌ನಲ್ಲಿ ವಿಮಾನ ಬದಲಿಸಿ ಅಷ್ಟು ದೂರ ಹೋಗಬೇಕಾಯ್ತು.

ಲಿಮಾ ಪೆರುವಿನ ರಾಜಧಾನಿ. ಒಂದು ಕಡೆ ಪೆಸಿಫಿಕ್ ಸಮುದ್ರ, ಸುತ್ತ ಮರಳುಗಾಡಿನ ಬೆಟ್ಟ. ಜುಲೈ ಅಲ್ಲಿ ಚಳಿಗಾಲ. ಆಕಾಶ ದಿನವಿಡೀ ಬೂದಿ ಬಣ್ಣ, ಮಳೆ ಮಾತ್ರ ಬರೋದಿಲ್ಲ, ಮುಖಕ್ಕೆ ತೇವ ತಾಕಿ ಸುಮ್ಮನಾಗುತ್ತೆ. ಆ ಆಕಾಶಕ್ಕೆ ಅಲ್ಲಿನವರು "ಕತ್ತೆಯ ಹೊಟ್ಟೆ" ಅಂತಾರೆ. ನೋಡಿದ ಮೇಲೆ ಬೇರೆ ಹೆಸರು ನನಗೂ ಹೊಳೀಲಿಲ್ಲ.

ಮೊದಲ ನಾಲ್ಕು ದಿನ ನಾನು ಹೋಟೆಲ್ ರೂಮಿನಲ್ಲಿ ಪೊಟ್ಟಣ ಕತ್ತರಿಸಿ ತಿಂದೆ. ಕೆಟಲ್‌ನಲ್ಲಿ ನೀರು ಕಾಯಿಸಿ ಹುರಿಹಿಟ್ಟು ಕಲಸಿಕೊಂಡೆ. ಲಿಮಾಗೆ ಊಟ ಮಾಡೋಕೆ ಅಂತಲೇ ಜನ ಜಗತ್ತಿನ ಮೂಲೆಮೂಲೆಯಿಂದ ಬರ್ತಾರೆ. 2023ರಲ್ಲಿ ಜಗತ್ತಿನ 50 ಉತ್ತಮ ರೆಸ್ಟೋರೆಂಟುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ "ಸೆಂಟ್ರಲ್" ಇರೋದು ಆ ಊರಲ್ಲೇ. ನಮ್ಮ ಮ್ಯಾನೇಜರ್ ಅಲ್ಲಿ ಟೇಬಲ್ ಸಿಗುತ್ತಾ ಅಂತ ದಿನಾ ನೋಡ್ತಿದ್ದರು, ಸಿಗಲಿಲ್ಲ. ಸಿಕ್ಕಿದ್ದರೆ ಬಿಲ್ ಯಾರು ಕೊಡ್ತಿದ್ರೋ ಗೊತ್ತಿಲ್ಲ.

ಐದನೇ ದಿನ ಅಲ್ಲಿನ ಆಫೀಸಿನ ಟೆಸ್ಟಿಂಗ್ ಲೀಡ್, ನನ್ನದೇ ವಯಸ್ಸಿನವಳು, ನನ್ನ ಪ್ಲಾಸ್ಟಿಕ್ ಡಬ್ಬಿ ನೋಡಿ ನಕ್ಕು ಕೈ ಹಿಡಿದು ಎಳ್ಕೊಂಡು ಹೋದಳು. ಪಕ್ಕದ ಬೀದಿಯ ಒಂದು ಸಣ್ಣ ಹೋಟೆಲು. ಬಾಗಿಲಲ್ಲಿ ಕಪ್ಪು ಹಲಗೆ, ಸೀಮೆಸುಣ್ಣದಲ್ಲಿ "ಮೆನು" ಅಂತ ಬರೆದಿತ್ತು. ಅಲ್ಲಿ ಮೆನು ಅಂದರೆ ತಿಂಡಿಗಳ ಪಟ್ಟಿ ಅಲ್ಲ, ಊಟವೇ. ನಮ್ಮ ಕಡೆ "ಊಟ ರೆಡಿ" ಅಂತ ಬೋರ್ಡ್ ಹಾಕ್ತಾರಲ್ಲ, ಹಾಗೆ. ಮೊದಲು ಒಂದು ಸೂಪೋ ಆಲೂಗಡ್ಡೆಯ ಐಟಮ್ಮೋ, ಆಮೇಲೆ ಅನ್ನದ ಜೊತೆ ಒಂದು ದೊಡ್ಡ ಪದಾರ್ಥ, ಕುಡಿಯೋಕೆ ನೇರಳೆ ಬಣ್ಣದ ಪಾನಕ. ಎಲ್ಲ ಸೇರಿ 12 ಸೋಲ್, ಹೆಚ್ಚೂಕಡಿಮೆ 270 ರೂಪಾಯಿ. ಆ ಪಾನಕದ ಹೆಸರು ಚಿಚಾ ಮೊರಾದಾ: ನೇರಳೆ ಜೋಳವನ್ನು ಅನಾನಸ್ ಸಿಪ್ಪೆ, ಚಕ್ಕೆ, ಲವಂಗದ ಜೊತೆ ಕುದಿಸಿ, ನಿಂಬೆರಸ ಹಿಂಡಿ ತಣ್ಣಗೆ ಕೊಡ್ತಾರೆ. ರಾಮನವಮಿಗೆ ಕೊಟ್ಟರೂ ಯಾರೂ ಬೇಡ ಅನ್ನಲ್ಲ.

ಆಲೂಗಡ್ಡೆಗೆ ಅವರು "ಪಾಪಾ" ಅಂತಾರೆ. ಬೇಯಿಸಿದ ಪಾಪಾದ ಮೇಲೆ ಹಳದಿ ಮೆಣಸಿನಕಾಯಿ, ಗಿಣ್ಣಿನಂಥ ಹಸಿ ಚೀಸ್, ಹಾಲು ಹಾಕಿ ರುಬ್ಬಿದ ಗೊಜ್ಜು ಸುರಿದು ಕೊಟ್ಟರು. ಹೆಸರು ಪಾಪಾ ಆ ಲಾ ವಾಂಕಾಯ್ನಾ. ನಾನು ಆಲೂಗಡ್ಡೆಯನ್ನು ಪಲ್ಯ, ಬೋಂಡ, ದೋಸೆಯೊಳಗಿನ ಸಾಮಾನು ಅಂತ ಮಾತ್ರ ತಿಳಿದವಳು. ಅದಕ್ಕೇ ಒಂದು ರುಚಿ ಇದೆ ಅಂತ ಮೊದಲ ಸಲ ಗೊತ್ತಾಯ್ತು. ಗೊತ್ತಾಗದೇ ಇರುತ್ತಾ, ಆಲೂಗಡ್ಡೆಯ ತವರೇ ಅದು. ಸಾವಿರಾರು ವರ್ಷದ ಹಿಂದೆ ಆಂಡಿಸ್ ಬೆಟ್ಟಗಳ ರೈತರು ಅದನ್ನು ಪಳಗಿಸಿದ್ದು. ಪೆರುವಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ನಾಟಿ ತಳಿಗಳಿವೆ. ಲಿಮಾದಲ್ಲೇ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಅಂತ ಒಂದು ಸಂಸ್ಥೆ 1971ರಿಂದ ಇದೆ. ನಮ್ಮ ಹಾಸನದ ರೈತರು ಮುಂಗಾರಿಗೆ ಬಿತ್ತುವ ಗಡ್ಡೆಯ ಮುತ್ತಜ್ಜಿ ಈ ಊರಿನ ಬೆಟ್ಟದವಳು.

ಅವತ್ತೇ ನನ್ನ ಜಂಬವೂ ಇಳೀತು. ಮೇಜಿನ ಮೇಲೆ ಈರುಳ್ಳಿ, ನಿಂಬೆರಸದ ಜೊತೆ ಕೆಂಪಗೆ ಹೆಚ್ಚಿದ ಕ್ಯಾಪ್ಸಿಕಂ ಇತ್ತು. ಹುಷಾರು, ಖಾರ ಅಂದಳು ಗೆಳತಿ. ನಾವು ಗುಂಟೂರು ಮೆಣಸಿನಕಾಯಿ ಜನ, ನಮಗೇನು ಅಂತ ಒಂದು ಚಮಚ ತಿಂದೆ. ಅದು ಕ್ಯಾಪ್ಸಿಕಂ ಅಲ್ಲ, ರೊಕೋಟೊ. ಕಪ್ಪು ಬೀಜದ, ಟೊಮ್ಯಾಟೊ ಥರ ಗುಂಡಗೆ ಕಾಣುವ ಬೆಟ್ಟದ ಮೆಣಸಿನಕಾಯಿ. ಕಣ್ಣು, ಮೂಗು, ಕಿವಿ ಎಲ್ಲ ಒಟ್ಟಿಗೆ ತೆರೆದುಕೊಂಡವು. ಹೋಟೆಲಿನ ಹೆಂಗಸು ಓಡಿಬಂದು ಇನ್ನೊಂದು ಲೋಟ ಪಾನಕ ತುಂಬಿಸಿ "ಯಾಪಾ" ಅಂದಳು. ದುಡ್ಡು ತಗೊಳ್ಳಲಿಲ್ಲ. ಯಾಪಾ ಅಂದ್ರೆ ಏನು ಅಂತ ಕೇಳಿದೆ. ಕೊಂಡದ್ದರ ಮೇಲೆ ಮಾರುವವರು ಪ್ರೀತಿಯಿಂದ ಹಾಕುವ ಸ್ವಲ್ಪ, ಕ್ವೆಚುವಾ ಭಾಷೆಯ ಮಾತು ಅಂದಳು ಗೆಳತಿ. ನಮ್ಮ ಕೊಸರು! ಸೊಪ್ಪಿನವಳ ಹತ್ತಿರ "ಕೊಸರು ಹಾಕವ್ವ" ಅಂತ ಅಮ್ಮ ಜಗಳ ಆಡ್ತಾಳಲ್ಲ, ಅದೇ. ಸೂಪರ್ ಮಾರ್ಕೆಟ್‌ಗೆ ಹೋಗೋಕೆ ಶುರು ಮಾಡಿದ ಮೇಲೆ ನಾನು ಆ ಪದ ಬಾಯಲ್ಲಿ ಆಡಿ ಎಷ್ಟು ವರ್ಷ ಆಗಿತ್ತೋ.

ಆಮೇಲೆ ಪೊಟ್ಟಣಗಳು ಸೂಟ್‌ಕೇಸಿನಲ್ಲೇ ಉಳಿದವು. ಸೆವಿಚೆ ತಿಂದೆ. ಹಸಿ ಮೀನನ್ನು ನಿಂಬೆರಸದಲ್ಲೇ ಹದ ಮಾಡಿ, ಜೊತೆಗೆ ಗೆಣಸು, ಹುರಿದ ಜೋಳ ಇಟ್ಟು ಕೊಡ್ತಾರೆ. 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ತಿನಿಸು. ನಿಜ ಹೇಳಬೇಕಂದ್ರೆ ಮೂರು ತುಂಡು ಚೆನ್ನಾಗಿತ್ತು, ನಾಲ್ಕನೆಯದಕ್ಕೆ "ಇದು ಬೆಂದಿಲ್ಲ" ಅಂತ ಮನಸ್ಸು ಹೇಳ್ತು. "ಚೀಫಾ" ಅಂತ ಬೀದಿಬೀದಿಗೂ ಚೀನೀ ಹೋಟೆಲುಗಳು. 1849ರಿಂದ ಕೂಲಿಗೆ ಬಂದ ಚೀನೀಯರು ಬಿಟ್ಟ ಅಡುಗೆ, ಈಗ ಪೂರ್ತಿ ಪೆರುವಿನದ್ದೇ ಆಗಿದೆ. ನಮ್ಮ ಗೋಬಿ ಮಂಚೂರಿಗೂ ಇಂಥದ್ದೇ ಗೌರವ ಯಾವಾಗ ಸಿಗುತ್ತೋ. ದನದ ಗುಂಡಿಗೆಯನ್ನು ಕಡ್ಡಿಗೆ ಚುಚ್ಚಿ ಸುಡುವ ಆಂಟಿಕೂಚೋ ನನಗೆ ಆಗಲಿಲ್ಲ, ಯಾರೂ ಬಲವಂತ ಮಾಡಲಿಲ್ಲ.

ಅಮ್ಮನಿಗೆ ಫೋನ್ ಮಾಡೋದು ರಾತ್ರಿ ಏಳಕ್ಕೆ. ಲಿಮಾಗಿಂತ ನಾವು ಹತ್ತೂವರೆ ಗಂಟೆ ಮುಂದೆ, ಹಾಗಾಗಿ ಬೇಗೂರಲ್ಲಿ ಬೆಳಗ್ಗೆ ಐದೂವರೆ. ಅಮ್ಮ ಸೊಪ್ಪು ಬಿಡಿಸ್ತಾ ಮಾತಾಡ್ತಿದ್ದಳು. "ಸೋಮವಾರ ಏನ್ ತಿಂದೆ? ಕೋಳಿ ಗೀಳಿ ತಿಂದ್ಯಾ?" ನಮ್ಮನೆಯಲ್ಲಿ ಸೋಮವಾರ ಬಾಡು ಇಲ್ಲ. ನನಗೇ ನಗು. ಯಾಕೆಂದರೆ ಲಿಮಾದಲ್ಲೂ ಸೋಮವಾರ ಅಂದರೆ ಬೇಳೆ. ವಾರದ ಮೊದಲ ದಿನ ಮಸೂರ ತಿಂದರೆ ಕೈಯಲ್ಲಿ ದುಡ್ಡು ಓಡಾಡುತ್ತೆ ಅಂತ ನಂಬಿಕೆ. ಹೇಳಿದೆ. "ನೋಡ್ದ್ಯಾ, ಅವ್ರೂ ನಮ್ಮಂಗೇ" ಅಂದಳು ಅಮ್ಮ.

ಎರಡನೇ ಭಾನುವಾರ ಗೆಳತಿ ಮನೆಗೆ ಕರೆದಳು. ಅಂಗಾಮೋಸ್ ಅನ್ನೋ ನಿಲ್ದಾಣದಲ್ಲಿ ಮೆಟ್ರೊ ಹತ್ತಿದೆವು. ಮೇಲ್ಸೇತುವೆ ಮೇಲೆ ಓಡುವ ರೈಲು. ಬಟ್ಟೆ ಹೊಲಿಯುವ ಅಂಗಡಿಗಳೇ ತುಂಬಿದ ಗಮಾರಾ ಅನ್ನೋ ಪೇಟೆ ದಾಟಿದಾಗ ನಮ್ಮ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಂಗಸರು ಶಿಫ್ಟ್ ಮುಗಿಸಿ ಸಾಲಾಗಿ ನಡೆಯೋದು ಕಣ್ಣಿಗೆ ಬಂತು. ಕೊನೆಯ ನಿಲ್ದಾಣದ ಕಡೆಗೆ ಸ್ಯಾನ್ ಹುವಾನ್ ದೆ ಲುರಿಗಾಂಚೊ. ಹತ್ತು ಲಕ್ಷಕ್ಕೂ ಹೆಚ್ಚು ಜನ ಇರುವ ಬಡಾವಣೆ, ಬಹಳಷ್ಟು ಜನ ಬೆಟ್ಟದ ಹಳ್ಳಿಗಳಿಂದ ಕೆಲಸ ಹುಡುಕಿ, ಜೀವ ಉಳಿಸಿಕೊಂಡು ಬಂದವರು. ಬಣ್ಣ ಕಾಣದ ಇಟ್ಟಿಗೆ ಮನೆಗಳು. ಮುಂದೆ ಇನ್ನೊಂದು ಮಹಡಿ ಕಟ್ಟೋಕೆ ಅಂತ ತಾರಸಿ ಮೇಲೆ ಬಿಟ್ಟ ಕಂಬಿಗಳು. ಸ್ವಾತಂತ್ರ್ಯ ದಿನ ಹತ್ತಿರವಿತ್ತು, ಮನೆಮನೆ ಮೇಲೆ ಕೆಂಪು ಬಿಳಿ ಬಾವುಟ. ಆ ಕಂಬಿಗಳನ್ನು ನೋಡಿದ್ದೇ ನನಗೆ ಊರಿಗೆ ಬಂದ ಹಾಗಾಯ್ತು.

ಅವಳು ಮನೆಗೆ ಕರ್ಕೊಂಡು ಹೋಗಲಿಲ್ಲ, ಮಾರ್ಕೆಟ್ಟಿಗೆ ಕರ್ಕೊಂಡು ಹೋದಳು. ಮೀನು, ತರಕಾರಿ ದಾಟಿ ಒಳಗೆ ಊಟದ ಮಳಿಗೆಗಳ ಸಾಲು. ಒಂದರ ಮುಂದೆ ನಿಂತು ಅವಳು ಬ್ಯಾಗ್ ಇಟ್ಟು ಏಪ್ರನ್ ಕಟ್ಟಿಕೊಂಡಳು. ಒಲೆಯ ಹಿಂದಿದ್ದ ಹೆಂಗಸನ್ನು ತೋರಿಸಿ, "ನನ್ನ ಅಮ್ಮ" ಅಂದಳು. ಆಫೀಸಿನಲ್ಲಿ ಪ್ರಾಜೆಕ್ಟ್ ಡೆಮೊ ಕೊಡುವಾಗ ಇರುತ್ತಿದ್ದ ಅದೇ ದನಿ.

ಅಮ್ಮನಿಗೆ ಅರವತ್ತರ ಮೇಲಿರಬೇಕು. ಚಪ್ಪಟೆ ಕಲ್ಲಿನ ಮೇಲೆ ಅರ್ಧಚಂದ್ರದಂಥ ಇನ್ನೊಂದು ಕಲ್ಲನ್ನು ತೂಗಿ ತೂಗಿ ಮೆಣಸಿನಕಾಯಿ ಅರೆಯುತ್ತಿದ್ದರು. ಬಂದವರನ್ನೆಲ್ಲ "ಕಾಸೆರಿತಾ" ಅಂತ ಕರೆಯೋದು. ಅಂದರೆ ನಮ್ಮ ವಾಡಿಕೆಯವರು, ನಮ್ಮವರು ಅಂತ. ನನಗೊಂದು ಬಟ್ಟಲು ಕಿನೋವಾ ಸೂಪು ಕೊಟ್ಟರು. ಆಲೂಗಡ್ಡೆ, ಕುಂಬಳಕಾಯಿ, ಗಟ್ಟಿ ಚೀಸ್ ಹಾಕಿ ಬೇಯಿಸಿದ್ದು. ಬೆಂಗಳೂರಿನ ಜಿಮ್ ಹುಡುಗರು ಸಲಾಡ್ ಮಾಡಿ ತಿನ್ನುವ ಕಿನೋವಾಗೂ ಇದಕ್ಕೂ ಸಂಬಂಧವೇ ಇಲ್ಲ. ಮಳೆಗಾಲದಲ್ಲಿ ಅಜ್ಜಿ ಕೊಡ್ತಿದ್ದ ಬಿಸಿ ಅಂಬಲಿಯ ಸಮಾಧಾನ ಇತ್ತು ಅದರಲ್ಲಿ.

ಗೆಳತಿ ಬಡಿಸ್ತಾನೇ ಕಥೆ ಹೇಳಿದಳು. ಅವಳಮ್ಮ ಬೆಟ್ಟದಿಂದ ಲಿಮಾಗೆ ಬಂದ ಹೊಸದರಲ್ಲಿ ಕಿನೋವಾ ಬೇಯಿಸೋಕೇ ನಾಚಿಕೆಪಡ್ತಿದ್ದರಂತೆ. ಬಡವರ ಕಾಳು, ಬೆಟ್ಟದವರ ತಿಂಡಿ ಅಂತ ಪೇಟೆಯವರು ಮೂಗು ಮುರೀತಿದ್ದರು. ಆಮೇಲೆ 2013ನ್ನು ವಿಶ್ವಸಂಸ್ಥೆ ಕಿನೋವಾ ವರ್ಷ ಅಂತ ಘೋಷಿಸಿತು, ವಿದೇಶಕ್ಕೆ ಹೋಗೋಕೆ ಶುರುವಾಯ್ತು, ಬೆಲೆ ಏರಿತು. ಈಗ ಶ್ರೀಮಂತರ ಬಡಾವಣೆಯಲ್ಲಿ ಒಂದು ಚಿಕ್ಕ ತಟ್ಟೆಗೆ ಇಲ್ಲಿನ ಎರಡು ಮೂರು ಊಟದ ದುಡ್ಡು. ನನಗೆ ನಮ್ಮ ರಾಗಿಯದೇ ಕಥೆ ಕೇಳಿದ ಹಾಗೆ. ಕನಕದಾಸರು ಅಕ್ಕಿ ರಾಗಿಗೆ ಜಗಳ ಹಚ್ಚಿ "ರಾಮಧಾನ್ಯ ಚರಿತ್ರೆ" ಬರೆದರು, ರಾಗಿಯೇ ಗೆದ್ದಿತು. ಆದರೂ ಬಡವರ ಹಿಟ್ಟು ಅನ್ನೋ ಹೆಸರು ಹೋಗಲಿಲ್ಲ. 2023ರಲ್ಲಿ ಸಿರಿಧಾನ್ಯ ವರ್ಷ ಬಂದ ಮೇಲೆ ನಮ್ಮ ಆಫೀಸ್ ಕ್ಯಾಂಟೀನಲ್ಲೂ ರಾಗಿ ಕುಕೀಸ್ ಬಂತು. ರಾಗಿಯೂ ಮೂಲದಲ್ಲಿ ನಮ್ಮದಲ್ಲ ಬಿಡಿ, ಆಫ್ರಿಕಾದ ಬೆಟ್ಟಗಳಿಂದ ಬಂದದ್ದು. ಮಂಡ್ಯದಲ್ಲಿ ಲಕ್ಷ್ಮಣಯ್ಯ ಅವರು ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಕೂಡಿಸಿ ಹೆಚ್ಚು ಇಳುವರಿಯ ಇಂಡಾಫ್ ತಳಿಗಳನ್ನು ಮಾಡಿದರು. ಆ ಹೆಸರಲ್ಲೇ ಇಂಡಿಯಾ, ಆಫ್ರಿಕಾ ಎರಡೂ ಇವೆ. ಅಪ್ಪ ನಮ್ಮ ಹೊಲದಲ್ಲಿ ಬೆಳೀತಿದ್ದದ್ದು ಅದನ್ನೇ. ಆ ಹೊಲ ಈಗ ಒಂದು ಲೇಔಟು.

ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳ್ತಿದ್ದೆ. ಅವಳಮ್ಮ ಏನೋ ಕೇಳಿದರು. ಗೆಳತಿ ಇಂಗ್ಲಿಷಿಗೆ ತಂದಳು: "ನಿನ್ನ ಅಮ್ಮ ಏನು ಮಾಡ್ತಾರೆ ಅಂತ ಕೇಳ್ತಿದ್ದಾಳೆ."

"ಹೌಸ್‌ವೈಫ್" ಅಂದೆ. "ಮನೇಲಿರ್ತಾರೆ."

ಯೋಚನೆ ಮಾಡಿ ಹೇಳಿದ ಸುಳ್ಳಲ್ಲ. ಕಾಲೇಜಿನಿಂದ, ಮೊದಲ ಇಂಟರ್‌ವ್ಯೂನಿಂದ, ಗಂಡಿನ ಕಡೆಯವರ ಮುಂದೆ, ಟೀಮ್ ಲಂಚಿನಲ್ಲಿ ಹೇಳಿ ಹೇಳಿ ನಾಲಿಗೆಗೆ ಕೂತ ಮಾತು. ನಮ್ಮ ಟೀಮಿನವರು ಎಷ್ಟೋ ಸಲ ಬೇಗೂರು ರಸ್ತೆಯಲ್ಲೇ ಬಿರಿಯಾನಿ ತಿನ್ನೋಕೆ ಹೋಗಿದ್ದಾರೆ, ನಾನು ಅಮ್ಮನ ಶಟರ್ ಕಾಣದ ಹಾಗೆ ಎದುರು ಬದಿಯಲ್ಲಿ ನಡೆದಿದ್ದೀನಿ. ಆದರೆ ಇಲ್ಲಿ? ಮಾರ್ಕೆಟ್ಟಿನಲ್ಲಿ ಅಡುಗೆ ಮಾಡಿಯೇ ಮಗಳನ್ನು ಓದಿಸಿದ ಹೆಂಗಸಿನ ಬಟ್ಟಲು ಕೈಯಲ್ಲಿ ಹಿಡ್ಕೊಂಡು? ಯಾರಿಗೆ ಹೆದರಿ? ಸೂಪು ಗಂಟಲಲ್ಲಿ ಇಳೀಲಿಲ್ಲ. ಅವರು ಖಾರ ಆಯ್ತೇನೋ ಅಂತ ಇನ್ನೊಂದು ಸೌಟು ಹಾಕಿದರು, ಯಾಪಾ.

ಸಂಜೆ ಬೀದಿಯಲ್ಲಿ ಪಿಕರೋನ್ ತಿನ್ನಿಸಿದಳು ಗೆಳತಿ. ಕುಂಬಳಕಾಯಿ, ಗೆಣಸಿನ ಹಿಟ್ಟನ್ನು ನೀರು ಮುಟ್ಟಿದ ಕೈಯಲ್ಲಿ ತೂತು ಮಾಡಿ ಎಣ್ಣೆಗೆ ಬಿಟ್ಟು, ಮೇಲೆ ಬೆಲ್ಲದ ಪಾಕ ಸುರೀತಾರೆ. ವಡೆಯ ಆಕಾರ, ನಮ್ಮ ಕುಂಬಳಕಾಯಿ ಗಾರಿಗೆಯ ರುಚಿ. ಆ ಹೆಂಗಸು ಕೈಯನ್ನು ನೀರಲ್ಲಿ ಅದ್ದಿ, ಹಿಟ್ಟು ತಗೊಂಡು, ಸರಕ್ಕನೆ ತಿರುಗಿಸೋದನ್ನೇ ನೋಡ್ತಾ ನಿಂತೆ. ಅಮ್ಮ ಮುದ್ದೆ ಕಟ್ಟೋದೂ ಹಾಗೇ. ಸುಡುವ ಹಿಟ್ಟಿಗೆ ಕೈ ಹಾಕಿದರೂ ಮುಖದಲ್ಲಿ ಏನೂ ಕಾಣಿಸಲ್ಲ. ಅಮ್ಮನ ಹೋಟೆಲು ಮುಚ್ಚಿಸೋಕೆ ನಾನು ಹಟ ಹಿಡಿದದ್ದು ಮಣಿಕಟ್ಟಿನ ನೋವಿಗಾ? ನೋವು ನಿಜವೇ. ಆದರೆ ಅದು ನನಗೆ ಸಿಕ್ಕ ಒಳ್ಳೆ ನೆಪವೂ ಆಗಿತ್ತು. ಆ ತಗಡಿನ ಬೋರ್ಡು ಇಲ್ಲದಿದ್ದರೆ ನಾನು ರಸ್ತೆಯ ಯಾವ ಬದಿಯಲ್ಲಾದರೂ ನಡೀಬಹುದಿತ್ತು.

ಹೊರಡುವ ಎರಡು ದಿನ ಮೊದಲು ಕ್ಯಾಂಟೀನಿನಲ್ಲಿ ಗೆಳತಿಗೆ ಫೋನಿನಲ್ಲಿದ್ದ ಒಂದು ಹಳೇ ವಿಡಿಯೊ ತೋರಿಸಿದೆ. ಎಸರು ಕುದಿಯುತ್ತಿರುವ ದೊಡ್ಡ ಪಾತ್ರೆ, ಕವೆಗೋಲಿನಿಂದ ಅದನ್ನು ಒತ್ತಿ ಹಿಡಿದು ಕೋಲಲ್ಲಿ ಹಿಟ್ಟು ತೊಳಸುತ್ತಿರುವ ಅಮ್ಮ, ಹಿಂದೆ ಬೆಂಚಿನ ಮೇಲೆ ಆಟೊದವರು. "ಇದು ನನ್ನ ಅಮ್ಮ. ಅವತ್ತು ಸುಳ್ಳು ಹೇಳಿದೆ" ಅಂದೆ. ಅವಳು ಬೈತಾಳೆ ಅಂದುಕೊಂಡಿದ್ದೆ. ಅವಳು ವಿಡಿಯೊ ಎರಡು ಸಲ ನೋಡಿ, "ನನ್ನ ಸ್ಕೂಲಲ್ಲಿ ನಾನೂ ಅಮ್ಮ ಟೀಚರ್ ಅಂತಿದ್ದೆ" ಅಂದಳು. ವಿಡಿಯೊ ಅವಳಮ್ಮನಿಗೆ ಕಳಿಸಿದಳು. ಹತ್ತು ನಿಮಿಷದಲ್ಲಿ ವಾಯ್ಸ್ ಮೆಸೇಜ್ ಬಂತು. ಹೊಗಳಿಕೆ ಇಲ್ಲ, ಅಳು ಇಲ್ಲ. ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ಕೆಜಿ ಹಿಟ್ಟು?

ನನಗೆ ಗೊತ್ತಿರಲಿಲ್ಲ.

ಆ ರಾತ್ರಿ ಅಮ್ಮನನ್ನೇ ಕೇಳಿದೆ. ಅಮ್ಮನಿಗೆ ಆಶ್ಚರ್ಯ, ಈ ಪ್ರಶ್ನೆ ನಾನು ಯಾವತ್ತೂ ಕೇಳಿರಲಿಲ್ಲ. "ಎಂಟು ಕೆಜಿ. ಎಂಬತ್ತು ಮುದ್ದೆ ಮೇಲಾಗುತ್ತೆ. ಅಮಾವಾಸ್ಯೆ ದಿನ ಕಮ್ಮಿ. ಅವ್ರದ್ದು ಎಷ್ಟು ಊಟ ಹೋಗುತ್ತಂತೆ? ಆಳು ಎಷ್ಟು ಜನ ಇಟ್ಕೊಂಡವ್ರೆ?" ಹೀಗೆ ಇಬ್ಬರು ಅಮ್ಮಂದಿರು ನಮ್ಮಿಬ್ಬರ ಮೂಲಕ ವ್ಯಾಪಾರ ಮಾತಾಡಿದರು. ಅಲ್ಲಿಂದ ಬಂದ ಕೊನೆ ಮೆಸೇಜು, ಪಾತ್ರೆ ಎತ್ತೋಕೆ, ತಿರುಗಿಸೋಕೆ ಒಬ್ಬ ಹುಡುಗನ್ನ ಇಟ್ಕೊಳ್ಳಿ, ಉಪ್ಪು ನೋಡೋದು ಮಾತ್ರ ಯಾರಿಗೂ ಬಿಡಬೇಡಿ ಅಂತ. ಎರಡು ವರ್ಷದಿಂದ ನಾನು "ಮುಚ್ಚು" ಅಂತಿದ್ದೆ, ಅಮ್ಮ "ಮುಚ್ಚಲ್ಲ" ಅಂತಿದ್ದಳು. ಕೋಲು ಹಿಡಿಯೋಕೆ ಒಬ್ಬ ಹುಡುಗನ್ನ ಇಟ್ಟರೆ ಆಯ್ತು ಅಂತ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ನನಗೆ ಹೊಳೆಯೋದು ಬೇಕಿರಲಿಲ್ಲ ಅನ್ನೋದು ಸರಿ.

ಬಂದ ಮೇಲೆ ಆಳು ಹುಡುಕೋಕೆ ಎರಡು ತಿಂಗಳು ಹಿಡೀತು. ರಾಯಚೂರಿನ ಕಡೆಯ ಒಬ್ಬ ಹುಡುಗ ಸಿಕ್ಕ, ರೊಟ್ಟಿ ತಿಂದು ಬೆಳೆದವನು, ಮುದ್ದೆ ಮುಟ್ಟಿದವನೇ ಅಲ್ಲ. ಮೊದಲ ವಾರ ಗಂಟು ಗಂಟು. ಗಿರಾಕಿಗಳೇ ಎದ್ದು ಬಂದು ಹೇಳಿಕೊಟ್ಟರು. ಈಗ ಅವನು ತೊಳಸ್ತಾನೆ, ಅಮ್ಮ ಕಟ್ತಾಳೆ. ಕೈನೋವು ಪೂರ್ತಿ ಹೋಗಿಲ್ಲ. ಅವನ ಸಂಬಳದಲ್ಲಿ ಅರ್ಧ ನನ್ನದು. ಅದಕ್ಕೂ ಅಮ್ಮ ಲೆಕ್ಕ ಬರೆದಿಟ್ಟಿದ್ದಾಳೆ, ತೀರಿಸ್ತೀನಿ ಅಂತ.

ಒಂದು ಸೋಮವಾರ ಮಧ್ಯಾಹ್ನ ಟೀಮಿನ ಆರು ಜನರನ್ನು ಕರ್ಕೊಂಡು ಹೋದೆ. ಹಿಂದಿನ ರಾತ್ರಿ ಅಮ್ಮ ಮೂರು ಸಲ ಕೇಳಿದ್ದಳು, "ಅವ್ರಿಗೆ ಸ್ಪೂನ್ ಎಲ್ಲಿಂದ ತರ್ಲಿ?" ಸ್ಪೂನ್ ತಂದಿದ್ದಳು, ಯಾರೂ ಮುಟ್ಟಲಿಲ್ಲ. ಲಖನೌದ ಹುಡುಗ ಮುದ್ದೆ ಅಗಿಯೋಕೆ ಹೋಗಿ ಹಲ್ಲಿಗೆ ಅಂಟಿಸಿಕೊಂಡ. "ನುಂಗಪ್ಪಾ, ಅಗೀಬೇಡ" ಅಂತ ಪಕ್ಕದ ಬೆಂಚಿನ ಆಟೊದವರು ಸಾರಲ್ಲಿ ಅದ್ದಿ ತೋರಿಸಿದರು. ನಾನು ಬಡಿಸ್ತಿದ್ದೆ. ಒಂದು ಮುದ್ದೆ ನಾನೇ ಕಟ್ಟೋಕೆ ನೋಡಿದೆ, ಕೈ ಸುಟ್ಟು ಪ್ಲೇಟಿಗೆ ಎಸೆದೆ, ಅದು ನೆಲಕ್ಕೆ ಕೂತ ಸಗಣಿ ಬೆರಣಿಯ ಹಾಗಿತ್ತು.

"ಯಾರಮ್ಮ ಇದು, ಹೊಸಬ್ರಾ?" ಅಂತ ಕೇಳಿದರು ಆಟೊದವರು.

"ನನ್ ಮಗಳು. ಇಂಜಿನಿಯರು. ಪೆರುಗೆ ಹೋಗಿದ್ಲು," ಅಂದಳು ಅಮ್ಮ, ಇನ್ನೊಂದು ಸೌಟು ಸಾರು ಅವರ ತಟ್ಟೆಗೆ ಬಿಡ್ತಾ. "ಅಲ್ಲೂ ಸೋಮವಾರ ಬೇಳೆ ಸಾರೇ ಅಂತೆ."